ಹದಿನಾಲ್ಕು ಫರಸಿಯ ಹೋಮ್ ಥಿಯೇಟರ್

ನನ್ನ ಎಡಗಿವಿ ಕೇಳುವುದಿಲ್ಲ. ಬಲಗಿವಿ ಕೇಳುತ್ತದೆ, ಆದರೆ ತನಗೆ ಮನಸ್ಸು ಬಂದಾಗ. ವಾಡಿಯ ಸಿಮೆಂಟ್ ಕಾರ್ಖಾನೆಯಲ್ಲಿ, ಕಲ್ಲನ್ನು ಹಿಟ್ಟು ಮಾಡುವ ಮಿಲ್ಲಿನ ಮಗ್ಗುಲಲ್ಲಿ ನೌಕರಿಯ ಆಯುಷ್ಯವೆಲ್ಲ ಕಳೆದವನ ಕಿವಿ ಇನ್ನು ಹೇಗಿರಬೇಕು ಹೇಳಿ. ಇಂಥವನು ಹೋಮ್ ಥಿಯೇಟರ್ ಆರಿಸಲು ಹೊರಟೆ ಅಂದರೆ, ಬೋಳುತಲೆಯವನು ಬಾಚಣಿಗೆಯ ಅಂಗಡಿಯಲ್ಲಿ ಹಲ್ಲು ಎಣಿಸುತ್ತ ನಿಂತ ಹಾಗೆ. ನಗಬೇಡಿ. ನಗಲೇಬೇಕು ಅನ್ನಿಸಿದರೆ ಬಲಗಡೆ ನಿಂತು ನಗಿ, ನನಗೂ ಕೇಳಿಸಲಿ.

ರಿಟೈರಾದ ಮೇಲೆ ಮನೆಯಲ್ಲಿ ಕೂತು ಏನು ಮಾಡುವುದು ಎಂದು ನಾನು ಪೇಚಾಡುತ್ತಿದ್ದಾಗ ಮಸ್ಕತ್ತಿನ ಕಡೆಯ ಒಂದು ಸಿಮೆಂಟ್ ಕಾರ್ಖಾನೆಯವರು ಕರೆದರು. ನಮ್ಮ ಸೇಡಂ, ವಾಡಿ, ಶಹಾಬಾದ್ ಕಡೆಯವರಿಗೆ ಬರುವುದು ಎರಡೇ ವಿದ್ಯೆ. ಒಂದು ತೊಗರಿ ಬೆಳೆಯುವುದು, ಇನ್ನೊಂದು ಕಲ್ಲು ಸುಡುವುದು. ತೊಗರಿ ಬೆಳೆಯಲು ಬಾ ಎಂದು ಯಾರೂ ವಿಮಾನದ ಟಿಕೆಟ್ ಕಳಿಸುವುದಿಲ್ಲ. ಕಲ್ಲು ಸುಡಲು ಕಳಿಸುತ್ತಾರೆ. ಹೋದೆ. ಮೊದಲ ವರ್ಷ ಕ್ವಾರ್ಟರಿನಲ್ಲಿ ನನ್ನಂಥ ಮೂವರು ಗಂಡಸರ ಜೊತೆ ಬೇಳೆ ಬೇಯಿಸಿಕೊಂಡು ಇದ್ದೆ. ಆಮೇಲೆ ಕಾರ್ಖಾನೆಯವರು ಊರೊಳಗೆ ಹೊಸ ಅಪಾರ್ಟ್‌ಮೆಂಟ್ ಕೊಟ್ಟರು. ನನ್ನ ಹೆಂಡತಿ ಶರಣಮ್ಮ ಬಂದಳು, ಒಂದು ಚಳಿಗಾಲ ಇದ್ದಳು. ಅಷ್ಟರಲ್ಲಿ ಅವಳ ತಂಗಿಯ ಮಗಳ ಮದುವೆ ಗೊತ್ತಾಯಿತು. ನಾನು ರಜೆ ಹಾಕಿದೆ, ಇಬ್ಬರೂ ಊರಿಗೆ ಬಂದೆವು. ವಾಡಿ ಸ್ಟೇಷನ್ನಿನಲ್ಲಿ ಇಳಿದು ಸಾಮಾನು ಇನ್ನೂ ಕೆಳಗಿಟ್ಟಿಲ್ಲ, ಅವಳು ಹೇಳಿಯೇಬಿಟ್ಟಳು.

“ನಾ ಇನ್ನ ಆ ಮೂಕ ಮನಿಗಿ ಬರಂಗಿಲ್ಲ ನೋಡ್ರಿ. ನಿಮಗ ಹೋಗೂದಿದ್ರ ಹೋಗ್ರಿ.”

ಹೇಳುವಾಗ ಅವಳ ಹಿಂದೆ ಒಂದು ಗೂಡ್ಸ್ ಗಾಡಿ ಕಟಕಟ ಕಟಕಟ ಅಂತ ಹಾಯ್ದು ಹೋಗುತ್ತಿತ್ತು. ಅವಳ ಮುಖ ನೋಡಿದೆ. ತವರಿನವರು ಕರೆಯಲು ಬಂದಾಗ ಹೆಂಗಸರ ಮುಖ ಹೇಗಿರುತ್ತದೆಯೋ ಹಾಗಿತ್ತು.

ಮೂಕ ಮನೆ ಅಂದರೇನು ಎಂದು ನಿಮಗೆ ತಿಳಿಯಬೇಕಾದರೆ ವಾಡಿಯ ನಮ್ಮ ಮನೆ ತಿಳಿಯಬೇಕು. ಒಂದು ಮಗ್ಗುಲಿಗೆ ರೈಲು, ಇನ್ನೊಂದು ಮಗ್ಗುಲಿಗೆ ಕಲ್ಲಿನ ಗಣಿ. ನೆಲ ಫರಸಿಯದು, ಅಂದರೆ ನಮ್ಮ ಕಡೆಯ ಹಾಸುಗಲ್ಲು; ಗೋಡೆ ಕಲ್ಲು, ಮೇಲೆ ಮಾಳಿಗೆಗೂ ಕಲ್ಲು. ಇಂಥ ಮನೆಯಲ್ಲಿ ಚಮಚೆ ಬಿದ್ದರೆ ಮೂರು ಸಲ ಬಿದ್ದಂತೆ ಕೇಳಿಸುತ್ತದೆ. ಅದಕ್ಕೇ ನಾವೆಲ್ಲ ಎತ್ತರದ ದನಿಯಲ್ಲಿ ಮಾತಾಡುವವರು. ಹೊರಗಿನವರು ಬಂದರೆ ಜಗಳ ನಡೆದಿದೆ ಎಂದು ಹೊಸ್ತಿಲಲ್ಲೇ ನಿಲ್ಲುತ್ತಾರೆ, ನಾವು ಚಹಾ ಕುಡಿಯಲು ಕರೆಯುತ್ತಿರುತ್ತೇವೆ.

ಇನ್ನು ಮಧ್ಯಾಹ್ನ ಗಣಿಯಲ್ಲಿ ಕಲ್ಲು ಸಿಡಿಸುವ ಹೊತ್ತು. ಮೊದಲು ಸೈರನ್ ಆಗುತ್ತದೆ. ಸೈರನ್ ಕೇಳಿದ ಕೂಡಲೇ ನಮ್ಮ ಓಣಿಯ ಹೆಂಗಸರು, ಯಾವ ಕೆಲಸದಲ್ಲಿರಲಿ, ಎದ್ದು ಹೋಗಿ ಅಡಿಗೆಮನೆಯ ಫಳಿಯ, ಅಂದರೆ ಗೋಡೆಯ ಹಲಗೆಯ, ಮೇಲೆ ಸಾಲಾಗಿ ನಿಲ್ಲಿಸಿದ ಸ್ಟೀಲಿನ ಭಾಂಡೆಗಳಿಗೆ ಅಂಗೈ ಒತ್ತಿ ನಿಲ್ಲುತ್ತಾರೆ. ನೆಲ ಒಮ್ಮೆ ಗುಂಯ್ ಎನ್ನುತ್ತದೆ. ಭಾಂಡೆ ಝಣಕ್ ಎನ್ನುತ್ತವೆ. ಆಗ ಗೋಡೆಯಾಚೆಯ ಮನೆಯಾಕಿ ಕೂಗಿ ಕೇಳುತ್ತಾಳೆ, “ಬಿದ್ದವೇನವ್ವಾ?” ಇವಳು ಕೂಗುತ್ತಾಳೆ, “ಇಲ್ಲ ಬಿಡವ್ವಾ!” ಅಲ್ಲಿಂದ ಮಾತು ಸುರುವಾಗಿ ತೊಗರಿಬೇಳೆಗೆ ಹೋಗಿ, ಸೊಸೆಯಂದಿರಿಗೆ ಹೋಗಿ, ಸಂಜೆಯ ನೀರು ಬರುವ ತನಕ ನಡೆಯುತ್ತದೆ. ಇದು ದಿನಾಲೂ. ಮದುವೆಯಾಗಿ ಬಂದಾಗಿನಿಂದ ಶರಣಮ್ಮನಿಗೆ ಇದು ರೂಢಿ. ಸೈರನ್ ಆಗದ ಅಮಾವಾಸ್ಯೆಯ ದಿನವೂ ಅವಳ ಕೈ ತಾನೇ ಫಳಿಯ ಕಡೆ ಹೋಗುವುದನ್ನು ನೋಡಿದ್ದೇನೆ.

ಇಂಥಾಕಿಯನ್ನು ಒಯ್ದು ಮಸ್ಕತ್ತಿನ ಅಪಾರ್ಟ್‌ಮೆಂಟಿನಲ್ಲಿ ಕೂಡಿಸಿದೆ. ಕಿಟಕಿಗೆ ಎರಡೆರಡು ಗಾಜು. ಬಾಗಿಲು ಹಾಕಿದರೆ ಸದ್ದಾಗದಂತೆ ರಬ್ಬರು. ಕೇಳುವುದೆಂದರೆ ಎಸಿ ಒಂದೇ, ಅದೂ ಮುದುಕ ನಿದ್ದೆಯಲ್ಲಿ ಉಸಿರಾಡಿದ ಹಾಗೆ. ಮೊದಲ ದಿನವೇ ವಾಚ್‌ಮನ್ ಬಂದು ಕೆಳಗಿನ ಮನೆಯಲ್ಲಿ ಜನ ಇದ್ದಾರೆ, ಮೇಲೆ ಠಕಠಕ ಮಾಡಬೇಡಿ ಎಂದು ಹೇಳಿ ಹೋದ. ಪಾಪ, ಅವನು ಎಲ್ಲರಿಗೂ ಹೇಳುವ ಮಾತು. ಶರಣಮ್ಮ ಅದನ್ನು ಗುರುವಾಕ್ಯದಂತೆ ಹಿಡಿದಳು.

“ನಮ್ಮ ಕಾಲಾಗ ಮಂದಿ ಅದಾರ್ರೀ?” ಎಂದು ಕಣ್ಣರಳಿಸಿ ಕೇಳಿದಳು. ಅವಳ ಗಾಬರಿ ನನಗೆ ತಿಳಿಯಿತು. ವಾಡಿಯಲ್ಲಿ ನಮ್ಮ ಕಾಲ ಕೆಳಗೆ ಇದ್ದದ್ದು ಕಲ್ಲು, ಅದರ ಕೆಳಗೆ ಇನ್ನೂ ಕಲ್ಲು, ಅದರ ಕೆಳಗೆ ಆದಿಶೇಷ. ಇಲ್ಲಿ ನಾವು ನಡೆದರೆ ಯಾರದೋ ತಲೆಯ ಮೇಲೆ ನಡೆದಂತೆ. ಅಂದಿನಿಂದ ಅವಳು ಬೆಕ್ಕಿನ ಹೆಜ್ಜೆ ಇಡತೊಡಗಿದಳು. ಕುರ್ಚಿ ಎಳೆಯುವುದಿಲ್ಲ, ಎತ್ತಿ ಇಡುತ್ತಾಳೆ. ಎಲ್ಲಕ್ಕಿಂತ ದೊಡ್ಡದು, ರೊಟ್ಟಿ ಬಡಿಯುವುದನ್ನು ಬಿಟ್ಟಳು. ನಮ್ಮಲ್ಲಿ ಜೋಳದ ರೊಟ್ಟಿ ಅಂದರೆ ಅಂಗೈಯಿಂದ ಟಪಟಪ ಬಡಿದು ಅಗಲ ಮಾಡುವುದು. ಅದರ ಸದ್ದಿನಿಂದಲೇ ಯಾರ ಮನೆಯಲ್ಲಿ ಒಲೆ ಹೊತ್ತಿದೆ ಎಂದು ಓಣಿಗೆ ಗೊತ್ತಾಗುತ್ತದೆ. ಊರಿಂದ ಹೊತ್ತು ತಂದ ಜೋಳದ ಹಿಟ್ಟಿನ ಡಬ್ಬಿ ಹಾಗೇ ಉಳಿಯಿತು. ಲಟ್ಟಣಿಗೆಯಲ್ಲಿ ಚಪಾತಿ ಲಟ್ಟಿಸಿ ಹಾಕುತ್ತಿದ್ದಳು. ನಾನು ಬೆಪ್ಪ, ಚಪಾತಿ ಮೆತ್ತಗಿವೆ ಎಂದು ಹೊಗಳುತ್ತಿದ್ದೆ.

ರಜೆಯಲ್ಲಿ ಒಂದು ದಿನ ಸನ್ನತಿಗೆ ಹೋಗಿದ್ದೆವು, ಚಂದ್ರಲಾಂಬೆಯ ದರ್ಶನಕ್ಕೆ. ಗುಡಿಯ ಗಂಟೆಯನ್ನು ಎಲ್ಲರೂ ಒಂದೆರಡು ಸಲ ಹೊಡೆದು ಮುಂದೆ ಹೋಗುತ್ತಾರಷ್ಟೆ. ಇವಳು ಹೊಡೆಯುತ್ತಲೇ ನಿಂತಳು. ಹಿಂದೆ ಮಂದಿ ನಿಂತರು, ಪೂಜಾರಿ ಹೊರಳಿ ನೋಡಿದರು. ನಾನು ಸಾಕು ಬಾ ಎಂದು ಸೆರಗು ಜಗ್ಗಿದೆ. “ಜರಾ ತಡೀರಿ. ಒಂದು ಚಳಿಗಾಲದ ಉಪವಾಸ ಅದ ಕಿವಿಗಿ” ಎಂದಳು. ನನಗೆ ನಗು ಬಂತು, ಆಮೇಲೆ ಬರಲಿಲ್ಲ.

ಯಾಕೆಂದರೆ ಇನ್ನೂ ಎರಡು ವರ್ಷದ ಕರಾರು ನನ್ನ ಕೊರಳಲ್ಲಿದೆ. ಅವಳಿಲ್ಲದೆ ಒಂದು ವರ್ಷ ಇದ್ದು ನೋಡಿದ್ದೇನೆ. ಬೇಡಪ್ಪಾ ಶಿವನೇ. ಊಟದ ಮಾತಲ್ಲ ಇದು. ಉಪ್ಪು ಹೆಚ್ಚಾದರೂ ಕಡಿಮೆಯಾದರೂ ಹೊಟ್ಟೆಗೆ ಹೋಗುತ್ತದೆ. ಬೈಯುವವರಿಲ್ಲದ ಮನೆಗೆ ದಿನಾ ಬೀಗ ತೆಗೆದು ಒಳಗೆ ಹೋಗುವುದಿದೆಯಲ್ಲ, ಅದು ನನ್ನಿಂದಾಗದು. ಅವಳು ಬರಬೇಕು, ಬಂದರೆ ಉಳಿಯಬೇಕು. ಇಷ್ಟೇ ನನ್ನ ಚಿಂತೆ. ಮನೆ ಮೂಕ ಇದ್ದರೆ ಬಾಯಿ ತಂದಿಟ್ಟರಾಯಿತಲ್ಲ ಎಂದು ಒಂದು ದಿನ ಥಟ್ಟನೆ ಹೊಳೆಯಿತು. ಹೋಮ್ ಥಿಯೇಟರ್ ತರಿಸುತ್ತೇನೆ ಎಂದು ಅವಳಿಗೆ ಹೇಳಿದೆ.

“ಒಂದು ತಿಂಗಳ ಬಂದು ನೋಡ್ತೀನಿ. ಮತ್ತ ಹಂಗೇ ಇತ್ತಂದ್ರ, ನೀವು ಇರ್ರಿ, ನಾ ವಾಪಸ್ ಬರ್ತೀನಿ” ಎಂದಳು.

ಹಾಗಾಗಿ ಆ ಯಂತ್ರವನ್ನು ಸರಿಯಾಗಿ ಆರಿಸುವುದು ನನಗೆ ಮಗಳಿಗೆ ವರ ಆರಿಸುವುದಕ್ಕಿಂತ ದೊಡ್ಡದಾಯಿತು. ವರ ಆರಿಸುವಾಗ ಗೊಂದಲ ಇರಲಿಲ್ಲ, ಒಬ್ಬನೇ ಬಂದಿದ್ದ. ಇಲ್ಲಿ ನೋಡಿದರೆ ಐದು ಪಾಯಿಂಟ್ ಒಂದು, ಏಳು ಪಾಯಿಂಟ್ ಒಂದು, ಐದು ಪಾಯಿಂಟ್ ಒಂದು ಪಾಯಿಂಟ್ ಎರಡು. ಇದೇನು ಹೋಮ್ ಥಿಯೇಟರೋ, ಅಣ್ಣತಮ್ಮಂದಿರು ಪಾಲಾದ ಹೊಲದ ಸರ್ವೆ ನಂಬರೋ! ಚಿಂಚೋಳಿಯಲ್ಲಿರುವ ಮಗಳು ಗೀತಾಳಿಗೆ ಫೋನ್ ಮಾಡಿದೆ. ಐದು ಅಂದರೆ ಸುತ್ತ ಇಡುವ ಐದು ಸ್ಪೀಕರು, ಪಾಯಿಂಟ್ ಒಂದು ಅಂದರೆ ನೆಲದ ಮೇಲೆ ಇಡುವ ದೊಡ್ಡ ಪೆಟ್ಟಿಗೆ, ಅದರ ಸದ್ದು ಕಿವಿಗಿಂತ ಎದೆಗೆ ಹೆಚ್ಚು ಕೇಳಿಸುತ್ತದೆ ಎಂದು ತಿಳಿಸಿಹೇಳಿದಳು.

“ಕಿವಿಗಿ ಕೇಳದಿದ್ದಮ್ಯಾಲ ಅದು ಯಾಕ ಬೇಕವ್ವಾ?” ಎಂದೆ.

“ಅಪ್ಪಾ, ನಿಮಗ ಅದೇ ಬರೋಬ್ಬರಿ. ಕಿವಿಗಿ ಹೆಂಗೂ ಕೇಳಂಗಿಲ್ಲ” ಎಂದಳು. ಮಗಳನ್ನು ಓದಿಸಿದ್ದು ಇದಕ್ಕೆ. ಆಮೇಲೆ ಅವಳು ಇಂಟರ್ನೆಟ್ಟಿನ ಏಳೆಂಟು ವಿಡಿಯೋ ಕಳಿಸಿದಳು. ಒಂದರಲ್ಲಿ ಗಡ್ಡದವನೊಬ್ಬ ಒಂದನ್ನು ಹೊಗಳಿದ, ಇನ್ನೊಂದರಲ್ಲಿ ಅವನೇ ಅದನ್ನು ಬೈದ. ನೋಡಿ ಮುಗಿಸಿದಾಗ ನನಗೆ ಮೊದಲು ಗೊತ್ತಿದ್ದದ್ದೂ ಮರೆತುಹೋಗಿತ್ತು.

ಸೇಡಂನಲ್ಲಿ ಮಲ್ಲಣ್ಣ ಇದ್ದಾನೆ, ಶರಣಮ್ಮನ ತಮ್ಮ. ಮದುವೆ, ಮುಂಜಿವೆ, ಇಲೆಕ್ಷನ್ನು, ಎಲ್ಲಕ್ಕೂ ಮೈಕ್‌ಸೆಟ್ ಕೊಡುವವನು. ಸದ್ದಿನ ವಿಷಯದಲ್ಲಿ ನಮ್ಮ ಬಳಗದಲ್ಲಿ ಅವನೇ ಪಂಡಿತ. ಹೋಗಿ ಕೇಳಿದೆ. ಅವನ ಗೋದಾಮಿನಲ್ಲಿ ಕಪಾಟಿನಷ್ಟು ಎತ್ತರದ ಸ್ಪೀಕರುಗಳು ಒಂದರ ಮೇಲೊಂದು ನಿಂತಿದ್ದವು. ಅವುಗಳ ಮುಂದೆ ಒಂದು ಮಂಚ ಹಾಕಿಕೊಂಡು ಮಲಗಿದ್ದ. ನಾನು ಮೊಬೈಲಿನಲ್ಲಿ ತೋರಿಸಿದ ಸೌಂಡ್‌ಬಾರ್, ಅಂದರೆ ಟಿವಿಯ ಕೆಳಗೆ ಇಡುವ ಉದ್ದನೆಯ ಒಂದು ಪಟ್ಟಿ, ನೋಡಿ ಅವನು ಎದ್ದು ಕೂತ.

“ಏನ್ ಮಾವ ಇದು, ಫೂಟುಪಟ್ಟಿ ಅದೇನು? ಇದರಿಂದ ಸೌಂಡ್ ಬರ್ತದಂದ್ರ ಯಾರರೇ ನಂಬ್ತಾರ? ನೋಡು ಮಾವ, ಸೌಂಡ್ ಅಂದ್ರ ಎಮ್ಮಿ ಇದ್ದಂಗ. ಮೈ ಇದ್ರ ಹಾಲು.”

ಇದಕ್ಕಿಂತ ಸ್ಪಷ್ಟವಾದ ಮಾತನ್ನು ನಾನು ಆ ಗಡ್ಡದವನ ಬಾಯಲ್ಲೂ ಕೇಳಿರಲಿಲ್ಲ. ಆದರೆ ಮಗಳು ಈಗಿನ ಕಾಲದಲ್ಲಿ ಸಣ್ಣದೇ ಚೆಂದ ಅಂದಿದ್ದಳು. ಮಲ್ಲಣ್ಣ ದೊಡ್ಡದೇ ಖರೆ ಅನ್ನುತ್ತಾನೆ. ಮದುವೆಗೆಂದು ಚಿತ್ತಾಪುರಕ್ಕೆ ಹೋದರೆ ಅಲ್ಲಿ ಕಲ್ಯಾಣಮಂಟಪದ ಪಂಕ್ತಿಯಲ್ಲಿ ಎಡಗಡೆ ಕೂತವರು ಒಂದು ಹೇಳಿದರು, ಬಲಗಡೆಯವರು ಇನ್ನೊಂದು. ಎಡಗಡೆಯವರ ಮಾತು ನನಗೆ ಕೇಳಿಸದ ಕಾರಣ ಅರ್ಧ ಗೊಂದಲ ತಪ್ಪಿತು, ಅದೊಂದು ಪುಣ್ಯ.

ನನ್ನ ತಲೆಯೊಳಗೆ ಇನ್ನೊಂದು ಹುಳ ಹೊಕ್ಕಿತು. ನಮ್ಮ ಹಿರಿಯರು, ಶರಣರ ಮಾರ್ಗದವರು, ಬಡಿಯದೆ ಹುಟ್ಟುವ ನಾದ ಒಂದಿದೆ, ಒಳಗೆ ಹೊಕ್ಕು ಕೇಳಬೇಕು ಎನ್ನುತ್ತಿದ್ದರು. ನಮ್ಮ ಅಜ್ಜ ಲಿಂಗಪೂಜೆಗೆ ಕೂತರೆ ಹೊರಗೆ ಎತ್ತು ಹಗ್ಗ ಹರಿದುಕೊಂಡು ಹೋದರೂ ಕೇಳಿಸುತ್ತಿರಲಿಲ್ಲ. ಒಳಗಿನದು ಅಷ್ಟು ಜೋರಾಗಿ ಕೇಳಿಸುತ್ತಿತ್ತೋ ಏನೋ. ಆ ಲೆಕ್ಕದಲ್ಲಿ ಮಸ್ಕತ್ತಿನ ಆ ಮನೆ ದೊಡ್ಡ ಸಾಧಕರಿಗೆ ಕಟ್ಟಿದ ಮನೆ. ಈ ಮಾತನ್ನು ಶರಣಮ್ಮನಿಗೆ ಹೇಳಿ ನೋಡಿದೆ. “ಹಂಗಾದ್ರ ಎರಡು ವರ್ಷ ನೀವೇ ಸಾಧನಾ ಮಾಡ್ರಿ” ಎಂದಳು. ಅಧ್ಯಾತ್ಮವನ್ನು ಅಲ್ಲಿಗೇ ಮಡಚಿಟ್ಟೆ.

ಕೊನೆಗೆ ಮಸ್ಕತ್ತಿನಲ್ಲಿ ಈ ಯಂತ್ರ ಮಾರುವ ಅಂಗಡಿಯವನಿಗೇ ಫೋನ್ ಹಚ್ಚಿದೆ. ಹೆಸರು ಖಾಲಿದ್, ಊರು ಹೈದರಾಬಾದ್. ನನ್ನ ಕಲಬುರಗಿಯ ದಖನಿ ಉರ್ದು ಕೇಳಿ ಅವನಿಗೂ ತವರು ನೆನಪಾಯಿತು, ನೋಡದೆಯೇ ನಾನು ಅವನ ಚಚಾ ಆದೆ. ಅವನು ಕೇಳಿದ ಪ್ರಶ್ನೆ ಒಂದೇ. “ಚಚಾ, ಕೋಲಿ ಎಷ್ಟು ದೊಡ್ಡದು?” ಕೋಣೆಯ ಅಳತೆ ಗೊತ್ತಾದರೆ ಉಳಿದದ್ದು ತಾನೇ ಕೂಡಿಸಿ ಮನೆಗೆ ಕಳಿಸುತ್ತೇನೆ, ನೀವು ವಿಮಾನ ಇಳಿದು ಬಂದು ಗುಂಡಿ ಒತ್ತುವುದಷ್ಟೇ ಎಂದ. ಇಷ್ಟು ದಿನದ ಗೊಂದಲದಲ್ಲಿ ಉತ್ತರ ಇರುವ ಒಂದು ಪ್ರಶ್ನೆಯನ್ನು ಮೊದಲ ಸಲ ಯಾರೋ ಕೇಳಿದ್ದರು.

ಆಗ ನಾವು ಶಹಾಬಾದಿನಲ್ಲಿ, ಮದುವೆ ಮುಗಿಸಿಕೊಂಡು, ಶರಣಮ್ಮನ ತಂಗಿಯ ಮನೆಯಲ್ಲಿ ಇದ್ದೆವು. ತಂಗಿಯ ಗಂಡ, ನನ್ನ ಷಡ್ಡಕ ವೀರಣ್ಣ, ಕಲ್ಲಿನ ವ್ಯಾಪಾರಿ. ಕೋಣೆಯ ಅಳತೆ ಎಂದ ಕೂಡಲೇ ಅವನು ಕೇಳಿದ, “ಎಷ್ಟು ಫರಸಿ?”

ಇದು ನಮ್ಮ ಕಡೆಯ ಪದ್ಧತಿ. ಟೇಪು ಹಿಡಿಯುವುದಿಲ್ಲ. ನೆಲದ ಫರಸಿ ಎಣಿಸುತ್ತೇವೆ. ಹಾಸುಗಲ್ಲು ಎರಡು ಫೂಟಿನದು ಎಂದು ಹೊಟ್ಟೆಯಲ್ಲಿದ್ದ ಕೂಸಿಗೂ ಗೊತ್ತು. ಮಂಚ ಹಿಡಿಸುತ್ತದೆಯೋ ಇಲ್ಲವೋ, ಚಪ್ಪರ ಎಷ್ಟು ದೊಡ್ಡದು, ಎಲ್ಲ ಫರಸಿಯ ಲೆಕ್ಕದಲ್ಲೇ. ಮಸ್ಕತ್ತಿನ ಮನೆಯ ನೆಲ ದಿನಾ ಒರೆಸಿದಾಕಿ ಶರಣಮ್ಮ, ಮಾತಾಡಲು ಯಾರಿಲ್ಲದೆ ಅವನ್ನೇ ಎಣಿಸುತ್ತ ಕೂತಾಕಿ. ಒಳಗಿನಿಂದಲೇ ಕೂಗಿದಳು, “ಉದ್ದಕ್ಕ ಹದಿನಾಲ್ಕ, ಅಡ್ಡಕ್ಕ ಹತ್ತ!” ವೀರಣ್ಣ ಗಕ್ಕನೆ ಎರಡರಿಂದ ಗುಣಿಸಿದ. ಇಪ್ಪತ್ತೆಂಟು ಫೂಟು, ಇಪ್ಪತ್ತು ಫೂಟು. ನಾನು ಹಾಗೇ ಖಾಲಿದನಿಗೆ ಹೇಳಿದೆ.

ಅವನು ಅಳತೆಯನ್ನು ಮತ್ತೊಮ್ಮೆ ಹೇಳಿಸಿದ. “ಚಚಾ, ಯೇ ಹಾಲ್ ಹೈ ಕೀ ಶಾದಿಖಾನಾ?” ಇದು ಹಾಲೋ ಕಲ್ಯಾಣಮಂಟಪವೋ ಎಂದು ಕೇಳಿದ. ಕಾರ್ಖಾನೆಯವರು ನನಗೆ ಎಂಥ ಮನೆ ಕೊಟ್ಟಿದ್ದಾರೆ ಎಂದು ಹೊಟ್ಟೆಕಿಚ್ಚು ಪಡುತ್ತಿದ್ದಾನೆ ಅಂದುಕೊಂಡೆ. ವೀರಣ್ಣನ ಮುಂದೆ ಮೀಸೆಯ ಮೇಲೆ ಕೈ ಹೋಯಿತು.

ನೀವು ಕೇಳಬಹುದು, ಅಲ್ಲೋ ಮಾರಾಯ, ಆ ಮನೆಯಲ್ಲಿ ಒಂದು ಚಳಿಗಾಲ ನೀನೂ ಇದ್ದೆಯಲ್ಲ, ಕಣ್ಣು ಏನು ಮಾಡುತ್ತಿದ್ದವು ಎಂದು. ಇದ್ದೆ. ಆದರೆ ಆ ಹಾಲಿನಲ್ಲಿ ಇದ್ದದ್ದು ಎರಡು ಕುರ್ಚಿ, ಒಂದು ಟಿವಿ, ಮಾತಾಡದ ಇಬ್ಬರು. ಬರಿದಾದ ಕೋಣೆ ದೊಡ್ಡದೇ ಕಾಣುತ್ತದೆ. ನಿಮಗೆ ನಂಬಿಕೆ ಇಲ್ಲದಿದ್ದರೆ ನಿಮ್ಮ ಹೆಂಡತಿಯನ್ನು ಒಂದು ತಿಂಗಳು ತವರಿಗೆ ಕಳಿಸಿ ನೋಡಿ.

ರಜೆ ಮುಗಿಯಿತು. ಮಸ್ಕತ್ತಿಗೆ ಬಂದಿಳಿದೆವು. ಶರಣಮ್ಮ ಮತ್ತೆ ಜೋಳದ ಹಿಟ್ಟು ತಂದಿದ್ದಳು. ಬಡಿಯದಿದ್ದರೂ ತರುವುದು ತರಲೇಬೇಕು, ಅದು ಬೇರೆ ಮಾತು. ಮರುದಿನ ನಾಲ್ಕು ಆಳು ಸಾಮಾನು ಹೊತ್ತು ತಂದರು. ಮೊದಲು ಎರಡು ಉದ್ದನೆಯ ಕಂಬ ಬಂದವು. ಆಮೇಲೆ ಗೋಡೆಗೆ ತೂಗುಹಾಕುವವು. ಕೊನೆಗೆ ಇಬ್ಬರು ಉಸ್ಸಪ್ಪಾ ಎನ್ನುತ್ತ ಒಂದು ಕರಿ ಪೆಟ್ಟಿಗೆ ತಂದಿಟ್ಟರು. ನೆಲದೊಳಗೆ ಕಾಳು ತುಂಬಿಡುವ ಹಗೇವಿನ ಬಾಯಿ ಮುಚ್ಚುವ ಕಲ್ಲಿನಷ್ಟು ಭಾರ. ಅದೇ ನಮ್ಮ ಪಾಯಿಂಟ್ ಒಂದು. ಅದನ್ನಿಟ್ಟ ಮೇಲೆ ಟಿವಿಯ ಮುಂದೆ ಇಬ್ಬರು ಕೂಡಬೇಕಾದರೆ ಒಬ್ಬರು ಅಡಿಗೆಮನೆಯಲ್ಲಿ ಕೂಡಬೇಕಿತ್ತು. ಜೋಡಿಸಲು ಬಂದವನು ಟೇಪು ಹಿಡಿದು ಅಳೆದ, ಮತ್ತೊಮ್ಮೆ ಅಳೆದ, ಕೋಣೆ ಹದಿನಾಲ್ಕು ಫೂಟು, ಹತ್ತು ಫೂಟು ಎಂದ. ನಾನು ಬಗ್ಗಿ ನೆಲ ನೋಡಿದೆ. ಆ ದೇಶದ ಆ ಟೈಲ್ಸು ಒಂದೊಂದೇ ಫೂಟಿನವು! ಶಹಾಬಾದಿನ ಫರಸಿಯನ್ನು ಕಣ್ಣಲ್ಲಿಟ್ಟುಕೊಂಡು ಮಸ್ಕತ್ತಿನ ನೆಲ ಅಳೆದಿದ್ದೆವು, ನಾನು, ನನ್ನ ಹೆಂಡತಿ, ಕಲ್ಲು ಮಾರುವ ನನ್ನ ಷಡ್ಡಕ, ಮೂವರು ಸೇರಿ.

ಖಾಲಿದನಿಗೆ ಫೋನ್ ಮಾಡಿದೆ. ನಕ್ಕು ನಕ್ಕು ಸುಸ್ತಾದ. ಒಳ್ಳೆಯವನು, ವಾರದೊಳಗೆ ಸಣ್ಣದಕ್ಕೆ ಬದಲಿ ಮಾಡಿಕೊಡುತ್ತೇನೆ, ಅಲ್ಲಿಯವರೆಗೆ ಬಾರಿಸಿ ನೋಡಿ ಚಚಾ, ಆದರೆ ನಿಧಾನ ಎಂದ. ನಾನು ಸೋಫಾದಂತಿದ್ದ ಆ ಖೋಕಾದ, ಅಂದರೆ ಕರಿ ಪೆಟ್ಟಿಗೆಯ, ಮೇಲೆ ಕೂತೆ. ನನಗೆ ಖರೇನೇ ಅಳು ಬಂದಿತ್ತು. ತಿಂಗಳ ಗಡುವು ಹೋಗುತ್ತಿತ್ತು, ಮೂಕ ಮನೆಗೆ ಬಾಯಿ ತರುತ್ತೇನೆ ಎಂದು ಹೋಗಿ ಮನೆಯನ್ನೇ ನುಂಗುವ ಬಾಯಿ ತಂದಿದ್ದೆ.

ಶುಕ್ರವಾರ, ರಜೆಯ ಮಧ್ಯಾಹ್ನ. ಸುಮ್ಮನೆ ಒಂದು ಸಲ ಕೇಳಿ ನೋಡೋಣ ಎಂದು ಗುಂಡಿ ಒತ್ತಿದೆ. ಏನೂ ಕೇಳಿಸಲಿಲ್ಲ. ಇನ್ನಷ್ಟು ಹೆಚ್ಚಿಸಿದೆ. ಆಗಲೂ ಇಲ್ಲ. ಎಡಗಿವಿಯನ್ನು ಸ್ಪೀಕರಿಗೆ ಕೊಟ್ಟು ನಿಂತಿದ್ದೆ ಎಂದು ಆಮೇಲೆ ಹೊಳೆಯಿತು. ಮತ್ತೊಂದಿಷ್ಟು ಹೆಚ್ಚಿಸಿದೆ. ಟಿವಿಯಲ್ಲಿ ಯಾವುದೋ ಸಿನಿಮಾದಲ್ಲಿ ಯಾರೋ ಒಂದು ಗುಡ್ಡ ಸಿಡಿಸಿದರು.

ಗುಂಯ್!

ನನ್ನ ಎದೆ ನಡುಗಿತು. ಅಡಿಗೆಮನೆಯಲ್ಲಿ ಭಾಂಡೆ ಝಣಕ್ ಎಂದವು. ಗಾಬರಿಯಿಂದ ಎಲ್ಲ ಗುಂಡಿ ಒತ್ತಿ ಆರಿಸಿ ಒಳಗೆ ಓಡಿದೆ. ಶರಣಮ್ಮ ಫಳಿಯ ಮುಂದೆ ನಿಂತಿದ್ದಳು. ಎರಡೂ ಅಂಗೈ ಭಾಂಡೆಗಳ ಮೇಲೆ ಒತ್ತಿಕೊಂಡು. ಯಾವಾಗ ಎದ್ದಳೋ, ಯಾವಾಗ ಕೈ ಇಟ್ಟಳೋ, ಅವಳಿಗೇ ಗೊತ್ತಿರಲಿಲ್ಲ. ನನ್ನನ್ನು ನೋಡಿದಳು, ತನ್ನ ಕೈ ನೋಡಿಕೊಂಡಳು. ಆಮೇಲೆ ಸೆರಗು ಬಾಯಿಗೆ ಹಚ್ಚಿಕೊಂಡು ನಗತೊಡಗಿದಳು. ಆ ಮನೆಯಲ್ಲಿ ಅವಳು ನಕ್ಕದ್ದು ಅದೇ ಮೊದಲು.

ಅಷ್ಟರಲ್ಲಿ ಬಾಗಿಲ ಗಂಟೆ ಆಯಿತು. ಬಂತು ಗಂಡಾಂತರ ಎಂದುಕೊಂಡೆ. ಕೆಳಗಿನ ಮನೆಯವರು, ಇನ್ನು ವಾಚ್‌ಮನ್, ಇನ್ನು ಪೊಲೀಸು, ಪರದೇಶ. ಬಾಗಿಲು ತೆಗೆದರೆ ಎತ್ತರದ ಒಬ್ಬ ಹೆಂಗಸು, ನಮ್ಮ ವಾರಿಗೆಯಾಕಿ, ಮೈತುಂಬ ಹೂವಿನ ಬಟ್ಟೆ ಸುತ್ತಿಕೊಂಡಾಕಿ. ಕೆಳಗಿನ ಮನೆಯಾಕಿಯೇ. ಊರು ಸುಡಾನ್, ಹೆಸರು ಅಮೀನಾ ಎಂದು ಆಮೇಲೆ ತಿಳಿಯಿತು. ಏದುಸಿರು ಬಿಡುತ್ತಿದ್ದಳು. ನಾನು ಮಾಫಿ ಕೇಳಲು ಬಾಯಿ ತೆರೆಯುವ ಮೊದಲೇ ಅವಳು ನನ್ನ ಭುಜದಾಚೆ ಮನೆಯೊಳಗೆ ಇಣುಕಿ, ಹರುಕುಮುರುಕು ಇಂಗ್ಲಿಷಿನಲ್ಲಿ ಕೇಳಿದಳು: ಏನಾದರೂ ಬಿತ್ತೇ? ಯಾರಿಗಾದರೂ ಪೆಟ್ಟಾಯಿತೇ?

ನಾನು ಅದನ್ನು ಕನ್ನಡ ಮಾಡಿ ಒಳಗೆ ಹೇಳಿದೆ. “ಏನರೆ ಬಿತ್ತೇನು ಅಂತ ಕೇಳ್ಲಿಕತ್ತಾಳ.”

ಶರಣಮ್ಮನ ನಗು ನಿಂತಿತು. ಹೊರಗೆ ಬಂದು ಆ ಹೆಂಗಸಿನ ಮುಖ ನೋಡಿದಳು. ನನ್ನ ಹೆಂಡತಿಯ ಕಣ್ಣು ತುಂಬಿ ಬಂದವು.

“ಇಲ್ಲ ಬಿಡವ್ವಾ” ಎಂದಳು. “ಬಾ, ಒಳಗ ಬಾ. ಕುಂದ್ರು.”

ಅಮೀನಾಗೆ ಕನ್ನಡ ಬರುವುದಿಲ್ಲ, ಶರಣಮ್ಮನಿಗೆ ಅರಬ್ಬಿ ಬರುವುದಿಲ್ಲ. ಆದರೆ ನಮ್ಮ ಕಲಬುರಗಿಯ ಕನ್ನಡದ ಹೊಟ್ಟೆಯಲ್ಲಿ ಎಷ್ಟು ಅರಬ್ಬಿ ಮಲಗಿದೆ ಎಂದು ಅಂದು ನೋಡಿದೆ. ದುನಿಯಾ ಎಂದರೆ ತಲೆ ಆಡಿಸುತ್ತಾಳೆ, ಖಬರು ಎಂದರೆ ಆಡಿಸುತ್ತಾಳೆ, ಚಹಾ ಖಲಾಸ್ ಎಂದರೆ ಲೋಟ ಮುಂದೆ ಚಾಚುತ್ತಾಳೆ. ಉಳಿದದ್ದಕ್ಕೆ ಕೈ ಇದ್ದವು. ಅಡಿಗೆಮನೆಯಲ್ಲಿ ಜೋಳದ ಹಿಟ್ಟಿನ ಡಬ್ಬಿ ಕಂಡು, ಚಿಟಿಕೆ ಹಿಟ್ಟು ಬೆರಳಲ್ಲಿ ತಿಕ್ಕಿ ಮೂಸಿ, ಅವಳು ಕೂಗಿಯೇಬಿಟ್ಟಳು. ಅವರ ಊರಲ್ಲೂ ಜೋಳದ ರೊಟ್ಟಿಯಂತೆ, ಹಿಟ್ಟು ಹುಳಿಬರಿಸಿ ಕಾಗದದಂತೆ ತೆಳ್ಳಗೆ ಎರೆಯುತ್ತಾರಂತೆ. ನೀವು ಹೇಗೆ ಮಾಡುತ್ತೀರಿ ಎಂದು ಕೈಯಲ್ಲೇ ಕೇಳಿದಳು.

ಶರಣಮ್ಮ ನನ್ನ ಕಡೆ ನೋಡಿದಳು. “ಬಡೀಲೇನ್ರೀ?”

“ಕೆಳಗಿನವರು ಮ್ಯಾಲೇ ಅದಾರ. ಇನ್ಯಾರಿಗಿ ಅಂಜ್ತಿ, ಬಡಿ” ಎಂದೆ.

ಟಪ, ಟಪ, ಟಪಟಪ. ಬಲಗಿವಿ ಅಡಿಗೆಮನೆಗೆ ಕೊಟ್ಟು ಖೋಕಾದ ಮೇಲೆ ಕೂತೆ. ಯಾವ ಪಾಯಿಂಟಿನ ಯಾವ ಯಂತ್ರವೂ ನನಗೆ ಅಷ್ಟು ಚೊಕ್ಕಾಗಿ ಕೇಳಿಸಿರಲಿಲ್ಲ. ಶೇಂಗಾ ಹಿಂಡಿ ಹಚ್ಚಿಕೊಂಡು ಮೂರು ರೊಟ್ಟಿ ತಿಂದ ಮೇಲೆ ಅಮೀನಾ ಹೇಳಿದಳು. ಮೇಲಿನ ಮನೆಯಲ್ಲಿ ಜನ ಇದ್ದಾರೆಂದೇ ಇಷ್ಟು ದಿನ ಅವಳಿಗೆ ಗೊತ್ತಿರಲಿಲ್ಲವಂತೆ. ಒಬ್ಬಳೇ ಇರುವಾಕಿ, ಮೇಲಿನಿಂದ ಒಂದು ಹೆಜ್ಜೆಯ ಸಪ್ಪಳವಾದರೂ ಬಂದರೆ ಒಂದಿಷ್ಟು ಧೈರ್ಯ ಇರುತ್ತಿತ್ತು ಅಂದಳು. ಅದನ್ನು ಕನ್ನಡ ಮಾಡಿ ಹೇಳಿದಾಗ ಶರಣಮ್ಮ ಹಣೆ ಬಡಿದುಕೊಂಡಳು. ಇವಳು ಅವಳಿಗಾಗಿ ಬೆಕ್ಕಿನ ಹೆಜ್ಜೆ ಇಡುತ್ತಿದ್ದಳು, ಅವಳು ಇವಳ ಹೆಜ್ಜೆಗಾಗಿ ಮಾಳಿಗೆ ನೋಡುತ್ತ ಕೂತಿದ್ದಳು.

ವಾರ ಕಳೆದಾಗ ಖಾಲಿದ್ ಫೋನ್ ಮಾಡಿದ, ಗಾಡಿ ಕಳಿಸಲೇ ಚಚಾ, ಸಣ್ಣದು ತಯಾರಿದೆ ಎಂದ. ಬುದ್ಧಿ ಇದ್ದವನು ಹೂಂ ಅನ್ನಬೇಕು. ಹದಿನಾಲ್ಕು ಫೂಟಿನ ಕೋಣೆಗೆ ಹದಿನಾಲ್ಕು ಫರಸಿಯ ಯಂತ್ರ ಇಟ್ಟುಕೊಂಡವರು ಯಾರಾದರೂ ಇದ್ದಾರೆಯೇ? ನನಗೆ ಮತ್ತೆ ಗೊಂದಲ. ಫೋನಿನ ಬಾಯಿ ಮುಚ್ಚಿ ಅವಳನ್ನೇ ಕೇಳಿದೆ, ಏನು ಮಾಡಲಿ ಎಂದು.

ಅವಳು ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು. “ಇರ್ಲಿ ಬಿಡ್ರಿ. ಸಣ್ಣದು ತಂದ್ರ ಕೆಳಗಿನ ಮನಿಗಿ ಹ್ಯಾಂಗ ಕೇಳಸ್ತದ?”

ಹಾಗೆ ಅದು ಉಳಿಯಿತು. ಅದರಲ್ಲಿ ನಾವು ಸಿನಿಮಾ ನೋಡುವುದಿಲ್ಲ, ಹಾಡು ಕೇಳುವುದಿಲ್ಲ. ಮಲ್ಲಣ್ಣನಿಗೆ ಇದನ್ನು ಹೇಳಬೇಡಿ. ತಿಂಗಳ ಗಡುವು ಯಾವ ದಿನ ಮುಗಿಯಿತು ಎಂದು ನಾನು ಕೇಳಲಿಲ್ಲ, ಕೇಳುವ ಧೈರ್ಯ ಇರಲಿಲ್ಲ. ಅವಳೂ ಹೇಳಲಿಲ್ಲ. ಮೊನ್ನೆ ಮಾತ್ರ ಮಗಳಿಗೆ ಫೋನಿನಲ್ಲಿ, ಈ ಕಡೆ ಬರುವವರು ಯಾರಿದ್ದರೂ ಅವರ ಕೈಯಲ್ಲಿ ಜೋಳದ ಹಿಟ್ಟು ಕಳಿಸು, ಇಬ್ಬರ ಮನೆಗೆ ಆಗುವಷ್ಟು ಕಳಿಸು ಎನ್ನುತ್ತಿದ್ದಳು. ಬಲಗಡೆ ಇದ್ದೆ, ಕೇಳಿಸಿತು.

ಪಾಯಿಂಟ್ ಒಂದು ಅಂದರೆ ಏನು ಎಂದು ನನಗೆ ಈಗಲೂ ಪೂರ್ತಿ ತಿಳಿದಿಲ್ಲ. ಶುಕ್ರವಾರ ಮಧ್ಯಾಹ್ನ, ಅವಳು ಹೂಂ ಎಂದಾಗ, ಒಂದು ಸಲ ಗುಡ್ಡ ಸಿಡಿಸುತ್ತೇನೆ, ಅಷ್ಟೇ ನನ್ನ ಕೆಲಸ. ಅವಳು ಫಳಿಯ ಮುಂದೆ ಭಾಂಡೆಗಳಿಗೆ ಕೈ ಒತ್ತಿ ನಿಂತಿರುತ್ತಾಳೆ. ನೆಲ ಗುಂಯ್ ಎಂದು ಸುಮ್ಮನಾಗುತ್ತದೆ. ಆಗ ಕೆಳಗಿನ ಬಾಲ್ಕನಿಯಿಂದ, ಸುಡಾನಿನ ನಾಲಿಗೆಯಲ್ಲಿ, ಶರಣಮ್ಮ ಕಲಿಸಿಕೊಟ್ಟ ಕನ್ನಡದಲ್ಲಿ ಒಂದು ಕೂಗು ಬರುತ್ತದೆ.

“ಬಿದ್ದವೇನವ್ವಾ?”

“ಇಲ್ಲ ಬಿಡವ್ವಾ!” ಇವಳು ಕೂಗುತ್ತಾಳೆ. “ಬಾ, ರೊಟ್ಟಿ ಆಗ್ಯಾವ!”